ಇಸ್ತ್ರಿಯ ಹಬೆ ಅಲ್ಲ

ಪುತ್ತೂರಿನಲ್ಲಿ ಸಿವಿಲ್ ಎಂಜಿನಿಯರ್ ಆಗಿ ನಾನು ಕಟ್ಟಿಸಿದ ಮನೆಗಳಲ್ಲಿ ನೆಲ್ಯಾಡಿಯ ಆ ಒಂದು ಕೋಣೆ ಇಂದಿಗೂ ಮನಸ್ಸಿನಲ್ಲಿದೆ. ಮೂರ್ನಾಲ್ಕು ವರ್ಷಗಳ ಹಿಂದಿನ ಮಾತು. ಜೋಜಿ ಲಾರಿ ಚಾಲಕರು. ಅವರ ಹೆಂಡತಿ ಲಿಸ್ಸಿ ಮದುವೆಯ ಗೌನು, ಬ್ಲೌಸು ಹೊಲಿಯುವವರು. ಅವರ ಹೊಲಿಗೆಗೆಂದು ಮಾಳಿಗೆಯ ಮೇಲೆ ಒಂದು ಕೋಣೆ ಬೇಕಿತ್ತು. ಹಳೆಯ ಗೋಡೆಗಳು ಕಲ್ಲಿನ ಭಾರ ತಡೆಯುವಂತಿರಲಿಲ್ಲ. ಹಾಗಾಗಿ ಮರದ ಚೌಕಟ್ಟಿನ ಕೋಣೆ ಮಾಡಿಸಿದೆ.

ಇಂಥ ಗೋಡೆಯ ಹೊರಮೈಗೆ ಹಲಗೆ ಹೊಡೆಯುವಾಗ, ಹಲಗೆಗೂ ಒಳಗಿನ ಚೌಕಟ್ಟಿಗೂ ನಡುವೆ ಎರಡು ಬೆರಳಿನಷ್ಟು ತೆರವು ಬಿಡುತ್ತೇವೆ. ಅದು ಕೆಳಗೂ ಮೇಲೂ ತೆರೆದಿರಬೇಕು. ಹುಳು ಹೋಗದಂತೆ ಬಾಯಿಗೆ ಬಲೆ. ಹಲಗೆಯ ಸಂದಿಯಿಂದ ನುಗ್ಗಿದ ಮಳೆನೀರು ಕೆಳಗೆ ಇಳಿದುಹೋಗುತ್ತದೆ, ಉಳಿದ ತೇವವನ್ನು ಗಾಳಿ ಒಣಗಿಸುತ್ತದೆ.

ಎರಡನೆಯ ಮಳೆಗಾಲ ಕಳೆದ ಮೇಲೆ ಜೋಜಿ ಫೋನ್ ಮಾಡಿದರು. “ಗೋಡೆಗೆ ಪೂರ್ತಿ ಬೂಷ್ಟು ಬಂದಿದೆ ಮೇಡಂ. ಇವಳು ಇಡೀ ದಿನ ಇಸ್ತ್ರಿ ಹಾಕುದು, ಅದರ ಹಬೆ. ಎಷ್ಟು ಹೇಳಿದ್ರೂ ಕೇಳುದಿಲ್ಲ.”

ನಾನು ಹೋದಾಗ ಹೊಲಿಗೆ ಯಂತ್ರ ಹಿಂದಿನ ಜಗಲಿಯಲ್ಲಿತ್ತು. ಲಿಸ್ಸಿ ಮೇಲಿನ ಕೋಣೆಯ ಗೋಡೆಗೆ ತೂಗುಹಾಕಿದ್ದ ಒಂದು ಬಿಳಿ ಗೌನನ್ನು ಬಿಡಿಸಿ ತೋರಿಸಿದರು. ಅಂಚಿನ ತುಂಬ ಬೂಷ್ಟಿನ ಕಪ್ಪು ಚುಕ್ಕೆ. “ಮದುಮಗಳು ಅತ್ತುಕೊಂಡು ಹೋದಳು ಮೇಡಂ. ಆಮೇಲೆ ನಾನು ಮದುವೆ ಬಟ್ಟೆ ಒಪ್ಪಿಕೊಂಡಿಲ್ಲ. ತಪ್ಪು ನನ್ನದೇ ಅಲ್ವಾ?” ಎಂದು ಚಹಾ ಮಾಡಲು ಒಳಗೆ ಹೋದರು.

ಮೇಲೆ ಹೋಗಿ ಹೊರಗಿನ ಒಂದು ಹಲಗೆ ಬಿಚ್ಚಿಸಿದೆ. ತೆರವಿನ ಕೆಳಗಿನ ಬಾಯಿಯಲ್ಲಿ ಸಂದಿ ಮುಚ್ಚುವ ಹಳದಿ ಫೋಮ್ ಗಟ್ಟಿಯಾಗಿ ತುಂಬಿತ್ತು. ಮೇಲಿನ ಬಾಯಿಯೂ ಹಾಗೆಯೇ. ಒಳಗಿನ ಮರ ಉಗುರಿಗೆ ಕಿತ್ತು ಬರುತ್ತಿತ್ತು.

“ಅದು ನಾನೇ ಹಾಕಿದ್ದು,” ಎಂದರು ಜೋಜಿ. “ಬಲೆ ಹರಿದು ಕಣಜ ಗೂಡು ಕಟ್ಟಿತ್ತು. ಲಿಸ್ಸಿಯ ಕೈಗೆ ಕಚ್ಚಿ ಎರಡು ದಿನ ಸೂಜಿ ಹಿಡೀಲಿಕ್ಕೆ ಆಗ್ಲಿಲ್ಲ. ಅದಕ್ಕೆ ಪೂರ್ತಿ ಮುಚ್ಚಿಬಿಟ್ಟೆ. ಇದಕ್ಕೂ ಬೂಷ್ಟಿಗೂ ಎಂತ ಸಂಬಂಧ?”

ಹೇಳಿದೆ. ಹಬೆ ಕಾರಣವಾಗಿದ್ದರೆ ಬೂಷ್ಟು ಒಳಮೈಯಲ್ಲಿ ಶುರುವಾಗಬೇಕಿತ್ತು. ಇಲ್ಲಿ ಮುಚ್ಚಿದ ತೆರವಿನಲ್ಲಿ ಮಳೆನೀರು ನಿಂತು ಮರ ಹೊರಗಿನಿಂದ ಕೊಳೆತಿದೆ, ಬೂಷ್ಟು ಆಮೇಲೆ ಒಳಗೆ ಬಂದದ್ದು. ಅವರು ಕೊಳೆತ ಮರವನ್ನು ಉಗುರಿನಿಂದ ಕೆರೆದು ನೋಡಿದರು. ಆಮೇಲೆ ದನಿ ತಗ್ಗಿಸಿ, “ಅವಳಿಗೆ ಹೇಳ್ಬೇಡಿ ಮೇಡಂ. ಮರವೇ ಸರಿ ಇರ್ಲಿಲ್ಲ ಅಂತ ಹೇಳಿ. ಒಂದು ವರ್ಷ ಬೈದಿದ್ದೇನೆ ನಾನು. ಯಂತ್ರ ಕೆಳಗೆ ಹೊತ್ತುಹಾಕಿದ್ದೂ ನಾನೇ,” ಎಂದರು.

“ನಾನು ಹಾಗೆ ಹೇಳಿದರೂ ಅವರ ಮನಸ್ಸಿನಿಂದ ಹಬೆಯ ಮಾತು ಹೋಗುವುದಿಲ್ಲ. ನೀವೇ ಹೇಳಿ,” ಎಂದೆ.

ಲಿಸ್ಸಿ ಮೇಲಕ್ಕೆ ಚಹಾ ತಂದರು. ಮನೆಮಾತು ಮಲಯಾಳವಾದರೂ ಜೋಜಿ ನನ್ನೆದುರು ಕನ್ನಡದಲ್ಲೇ ಹೇಳಿದರು: “ಲಿಸ್ಸಿ, ಈ ಫೋಮ್ ತುಂಬಿಸಿ ಗೋಡೆ ಹಾಳು ಮಾಡಿದ್ದು ನಾನು. ನಿನ್ನ ಇಸ್ತ್ರಿ ಅಲ್ಲ.”

ಲಿಸ್ಸಿ ಲೋಟಗಳನ್ನು ಕೆಳಗಿಟ್ಟು ಫೋಮನ್ನು ಮುಟ್ಟಿ ನೋಡಿದರು. “ಆ ಮದುಮಗಳಿಗೆ ಯಾರು ಹೇಳುದು ಇದನ್ನು?” ಎಂದಷ್ಟೇ ಕೇಳಿದರು.

ಜೋಜಿ ಆ ಸಂಜೆಯೇ ಹುಡುಗಿಯ ತವರಿಗೆ ಹೋಗಿ ಹೇಳಿ ಬಂದರಂತೆ. ಕೆಟ್ಟ ಮರ ತೆಗೆಸಿ, ತೆರವು ಬಿಡಿಸಿ, ಸ್ಟೀಲ್ ಬಲೆ ಹಾಕಿಸಿದೆ. ಯಂತ್ರವನ್ನು ಜೋಜಿಯೇ ಮೇಲಕ್ಕೆ ಹೊತ್ತರು.

ಮುಂದಿನ ಮಳೆಗಾಲದಲ್ಲಿ ನೋಡಲು ಹೋದೆ. ಗೋಡೆ ಒಣಗಿತ್ತು. ಲಿಸ್ಸಿ ಇಸ್ತ್ರಿಪೆಟ್ಟಿಗೆ ಎತ್ತುವ ಮೊದಲು ಹಬೆ ಹೊರಗೆ ಹೋಗಲೆಂದು ಎದ್ದುಹೋಗಿ ಕಿಟಕಿ ತೆರೆದರು. ಮಳೆಯ ಎರಚಲು ಒಳಗೆ ಬಿತ್ತು.

“ಅದೆಲ್ಲ ಬೇಡ ಮಾರಾಯ್ತಿ,” ಎಂದರು ಜೋಜಿ.

“ಗೊತ್ತುಂಟು. ಆದ್ರೂ ಕೈ ಕೇಳುದಿಲ್ಲ.”

ಜೋಜಿ ಮುಖ ತಿರುಗಿಸಿ ಮೆಟ್ಟಿಲಿಳಿದುಹೋದರು. ಕೊಳೆತ ಮರವನ್ನು ಬದಲಿಸುವುದು ನನಗೆ ಗೊತ್ತಿದ್ದ ಕೆಲಸ. ಹಲಗೆ ಬಿಚ್ಚಿ ನೋಡುವ ಮೊದಲೇ ಮನುಷ್ಯರ ಮೇಲೆ ತಪ್ಪು ಹೊರಿಸಿದರೆ ಅದನ್ನು ಇಳಿಸಲು ಯಾವ ಎಂಜಿನಿಯರಿಗೂ ಆಗುವುದಿಲ್ಲ ಎಂಬುದನ್ನು ಆ ದಿನ ಕಲಿತೆ.