ರಾಗಿ ತುಂಬಿದ ದುಪ್ಪಟಿ

ಮುಸುಕಿನ ಜೋಳದ ಹೊಲದಲ್ಲಿ ಆನೆ ನನ್ನೆದುರು ನಿಂತದ್ದು ಹೆಚ್ಚೆಂದರೆ ಹತ್ತು ಉಸಿರಿನಷ್ಟು ಹೊತ್ತು. ಹಸುವಿಗೆ ಮೇವು ಕೊಯ್ಯಲು ಹೋಗಿದ್ದೆ. ಅದು ಕಿವಿ ಬಡಿದು, ತಿರುಗಿ ತಾಳಮಲೆ ಕಾಡಿನ ಕಡೆ ಹೋಯಿತು. ನನಗೊಂದು ಗೀರೂ ಆಗಲಿಲ್ಲ. ಪುಣ್ಯವಂತೆ ಅಂದರು ಊರವರು. ಪುಣ್ಯವಂತೆಯಂತೆ, ನನ್ನ ತಲೆ! ಅಂದಿನಿಂದ ನಿದ್ದೆಯೇ ಹೋಯಿತು. ಕಣ್ಣು ಮುಚ್ಚಿದರೆ ಎದೆ ಡವಡವ, ಮೈಯೆಲ್ಲ ಬೆವರು. ಬಚ್ಚಲಲ್ಲಿ ಚೆಂಬು ಉರುಳಿದರೂ ಕಿರುಚುತ್ತಿದ್ದೆ. ಹೀಗೇ ಆದರೆ ಹುಚ್ಚು ಹಿಡಿಯುತ್ತದೆ ಎಂದು ಅದಕ್ಕೊಂದು ಬೇರೆ ಹೆದರಿಕೆ.

ಪೇಟೆಯ ಆಸ್ಪತ್ರೆಯ ನರ್ಸಮ್ಮ ಮಾತ್ರೆ ಕೊಟ್ಟು, ಭಾರದ ಕಂಬಳಿ ಅಂತ ಒಂದು ಬರುತ್ತದೆ, ಹೊದ್ದರೆ ಯಾರೋ ತಬ್ಬಿಕೊಂಡ ಹಾಗಿರುತ್ತದೆ, ಕೆಲವರಿಗೆ ನಿದ್ದೆ ಹತ್ತುತ್ತದೆ ಎಂದರು. ಒಳಗೆ ಸಣ್ಣ ಗಾಜಿನ ಮಣಿ ತುಂಬಿರುತ್ತಾರಂತೆ.

"ಮಣಿ ಯಾಕಮ್ಮಿ? ಮನೇಲಿ ರಾಗಿ ಇಲ್ವಾ?" ಎಂದರು ನಮ್ಮ ಅತ್ತೆ. ಅವರು ಯಾವುದಕ್ಕೂ ಹೆದರಿದ್ದನ್ನು ನಾನು ಕಂಡಿರಲಿಲ್ಲ.

ಎರಡು ಹಳೇ ಸೀರೆ ಜೋಡಿಸಿ, ಅಂಗೈಯಗಲ ಚೌಕ ಹೊಲಿದು, ಚೌಕಕ್ಕೊಂದು ಹಿಡಿ ರಾಗಿ ತುಂಬಿದೆವು. ನಮ್ಮ ಯಜಮಾನರು ನಕ್ಕಿದ್ದೇ ನಕ್ಕಿದ್ದು. "ಮುದ್ದೆ ಮಾಡಿ ಉಣ್ಣೋ ರಾಗಿನ ಒದ್ಕತೀಯಲ್ಲ!"

ನಗಲಿ ಬಿಡಿ. ಅದನ್ನು ಹೊದ್ದ ದಿನವೇ ಎದೆಯ ಬಡಿತ ಇಳಿಯಿತು. ಉಸಿರು ಉದ್ದವಾಯಿತು. ಎರಡು ವಾರ ಮಗುವಿನ ಹಾಗೆ ಮಲಗಿದೆ.

ನಮ್ಮ ಕಡೆ ಹಲಸಿನ ಹಣ್ಣನ್ನು ಮನೆಯೊಳಗೆ ತರುವುದಿಲ್ಲ, ರಾಗಿ ಮೂಟೆಯನ್ನು ಹೊರಗೋಡೆಗೆ ಒರಗಿಸುವುದಿಲ್ಲ. ವಾಸನೆ ಹಿಡಿದು ಬಂದ ಆನೆ ಗೋಡೆಯನ್ನೇ ಒಡೆಯುತ್ತದೆ. ಇದು ಎಲ್ಲರಿಗೂ ಗೊತ್ತು. ಆದರೆ ಹೊಲಿದು ಹೊದ್ದುಕೊಂಡ ಮೇಲೆ ಅದು ರಾಗಿ ಎಂಬುದೇ ನಮಗೆ ಮರೆತುಹೋಗಿತ್ತು. ನನ್ನ ಬೆವರಿಗೆ ಒದ್ದೆಯಾಗಿ ಕೆಲವು ಚೌಕಗಳಲ್ಲಿ ಮೊಳಕೆಯ ಸಿಹಿ ವಾಸನೆ ಬರುತ್ತಿತ್ತು. ಹಗಲು ಬಿಸಿಲಿಗೆ ಹಾಕಿ, ಸಂಜೆ ಮತ್ತೆ ಕಿಟಕಿ ಪಕ್ಕದ ಮಂಚಕ್ಕೆ ತರುತ್ತಿದ್ದೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ!

ಅವತ್ತು ಬೆಳಗಿನ ಜಾವ ಯಜಮಾನರು ಹೊಲದ ಕಾವಲಿನಲ್ಲಿದ್ದರು. ಲಟಲಟ ಎಂದು ಕಿಟಕಿಯ ಮರದ ಕಂಬಿ ಮುರಿದ ಸದ್ದಿಗೆ ಕಣ್ಣು ಬಿಟ್ಟೆ. ಮೊಣಕಾಲಿನ ಮೇಲೆ ಬಿಸಿ ಉಸಿರು. ಸೊಂಡಿಲು! ಹೆದರಿದವರ ಮೇಲೆ ಹಾವು ಎಸೆದ ಹಾಗಾಯಿತು ನನ್ನ ಪಾಡು. ದುಪ್ಪಟಿ ಮೆಲ್ಲಗೆ ಸರಿಯತೊಡಗಿತು. ನಾನೋ, ಬಿಟ್ಟು ಓಡುವುದು ಬಿಟ್ಟು, ಎರಡೂ ಕೈಯಲ್ಲಿ ಹಿಡಿದುಕೊಂಡೆ. ಇದು ಹೋದರೆ ನನ್ನ ನಿದ್ದೆ ಹೋಯಿತು, ತಲೆಯಲ್ಲಿ ಇದ್ದದ್ದು ಅಷ್ಟೇ. ದುಪ್ಪಟಿಯ ಜೊತೆ ನಾನೂ ಕಿಟಕಿಯ ಕಡೆ ಜಾರುತ್ತಿದ್ದೆ.

"ಬುಟ್ಬುಡಮ್ಮಿ! ನಿನ್ ದಮ್ಮಯ್ಯ, ಕೈ ಬುಡು!" ಕೆಳಗೆ ಚಾಪೆಯಲ್ಲಿ ಮಲಗಿದ್ದ ಅತ್ತೆ ಎದ್ದು ನನ್ನ ಸೊಂಟ ಹಿಡಿದು ಎಳೆದರು. ದಮ್ಮಯ್ಯ ಎಂಬ ಮಾತು ಅವರ ಬಾಯಲ್ಲಿ ಬಂದದ್ದು ಅದೇ ಮೊದಲು. ಕೈ ಬಿಟ್ಟೆ.

ಇಬ್ಬರೂ ಅಡುಗೆಮನೆಗೆ ಓಡಿ ಬಾಗಿಲು ಹಾಕಿಕೊಂಡೆವು. ಅಂಗಳದಲ್ಲಿ ಸೀರೆ ಪರ್ರನೆ ಹರಿಯುವ ಸದ್ದು, ಆಮೇಲೆ ಮೆಲ್ಲುವ ಸದ್ದು. ನನ್ನ ಹಲ್ಲು ಕಟಕಟ ಅನ್ನುತ್ತಿತ್ತು. ಅತ್ತೆ ನನ್ನನ್ನು ನೆಲಕ್ಕೆ ಮಲಗಿಸಿ, ಮೇಲೆ ಅಡ್ಡ ಬಿದ್ದು ಅದುಮಿ ಹಿಡಿದರು. "ನಾನಿವ್ನಿ ಕಣಮ್ಮಿ, ಎದರ್ಬ್ಯಾಡ." ಹೇಳಲು ನಾಚಿಕೆ, ಆ ಭಾರದ ಕೆಳಗೆ ನನಗೆ ನಿದ್ದೆ ಬಂದುಬಿಟ್ಟಿತು.

ಎಚ್ಚರವಾದಾಗ ಬಿಸಿಲು ಬಂದಿತ್ತು, ಹೊರಗೆ ಸದ್ದಿರಲಿಲ್ಲ. ಮೈ ಇನ್ನೂ ನಡುಗುತ್ತಿತ್ತು. ಸ್ವಲ್ಪ ಹೊತ್ತಿಗೆ ತಿಳಿಯಿತು, ನಡುಗುತ್ತಿದ್ದದ್ದು ನಾನಲ್ಲ. ಅತ್ತೆ ನನ್ನ ಮೇಲಿಂದ ಏಳದೆ ಹಾಗೇ ಬಿದ್ದಿದ್ದರು, ಕಣ್ಣು ಬಾಗಿಲ ಮೇಲೆ.

"ಓಯ್ತಾ ಅಮ್ಮಿ?" ಎಂದು ಪಿಸುಗುಟ್ಟಿದರು.

"ಓಯ್ತು ಕಣತ್ತೆ, ಮನಿಕಳಿ," ಎಂದು ಅವರನ್ನು ಪಕ್ಕಕ್ಕೆ ಒರಗಿಸಿ, ಈ ಸಲ ನಾನು ಅವರ ಮೇಲೆ ಬಿದ್ದುಕೊಂಡೆ.