ಅಟ್ಟದ ಮೇಲಿನ ಇಲಿ

ನಮ್ಮ ಅತ್ತೆ ಯಾವುದಕ್ಕೂ ತಲೆ ಕೆಡಿಸಿಕೊಂಡವರಲ್ಲ. ಬೋರ್‌ವೆಲ್ ಮೋಟಾರ್ ಸುಟ್ಟರೂ ‘ಆಗ್ಲಿ ಬಿಡು’, ಗಬ್ಬದ ಹಸು ಕಂದು ಹಾಕಿದರೂ ‘ಆಗ್ಲಿ ಬಿಡು’. ನಾನು ಹಳೇಬೀಡಿನವಳು. ನಮ್ಮ ತವರಲ್ಲಿ ಹಾಲು ಉಕ್ಕಿದರೂ ಅಕ್ಕಪಕ್ಕದ ಮೂರು ಮನೆಗೆ ಕೇಳಿಸಬೇಕು. ಕಣಕಟ್ಟೆಯ ಈ ಮನೆಗೆ ಬಂದು ಇಪ್ಪತ್ತು ವರ್ಷವಾಯಿತು, ಇವತ್ತಿಗೂ ಆ ಎರಡು ಪದ ಕಿವಿಗೆ ಬಿದ್ದರೆ ನನಗೆ ಮೈ ಉರಿಯುತ್ತದೆ.

ಹೋದ ವರ್ಷ ನನ್ನ ಕುತ್ತಿಗೆಯಲ್ಲಿ ಒಂದು ಗಂಟು ಕಾಣಿಸಿತು. ಅರಸೀಕೆರೆಯ ಡಾಕ್ಟರು ಒತ್ತಿ ನೋಡಿದರು, ಸೂಜಿ ಚುಚ್ಚಿ ಏನನ್ನೋ ತೆಗೆದು ಬೆಂಗಳೂರಿಗೆ ಕಳಿಸಿದರು. ರಿಪೋರ್ಟ್ ಬರಲು ಎಂಟು ದಿನ. “ಹೆದರ್ಕೋಬೇಡಿ,” ಎಂದರು. ಆ ಮಾತು ಹೇಳುವ ತನಕ ನಾನು ಹೆದರಿರಲಿಲ್ಲ.

ಮನೆಗೆ ಬಂದು ಹೇಳಿದೆ. ಅತ್ತೆ ಅವರೆಕಾಯಿ ಸುಲಿಯುತ್ತಿದ್ದರು. ಕೈ ನಿಲ್ಲಲಿಲ್ಲ.

“ಆಗ್ಲಿ ಬಿಡು. ಬಂದಾಗ ನೋಡ್ಕೊಂಡ್ರಾಯ್ತು.”

“ಕ್ಯಾನ್ಸರ್ ಆದ್ರೆ ಅತ್ತೆ?”

“ಆದಾಗ ನೋಡನ. ಉಪ್ಪು ಖಾಲಿಯಾಗೈತೆ, ತರ್ಸು.”

ಉಪ್ಪು. ನಾನು ಸಾಯುವ ಹೊತ್ತಿನಲ್ಲಿ ಇವರಿಗೆ ಉಪ್ಪು.

ಯಜಮಾನರದು ಇನ್ನೊಂದು ಬಗೆ. ಗಂಟು ಕಂಡ ದಿನದಿಂದ ಫೋನಿನಲ್ಲಿ ಪ್ರವಚನ ಕೇಳಲು ಶುರು ಮಾಡಿದ್ದರು. ಸುಖಕ್ಕೂ ದುಃಖಕ್ಕೂ ಅಂಟಿಕೊಳ್ಳದೆ ಇರಬೇಕಂತೆ, ಕೊಬ್ಬರಿ ಚಿಪ್ಪಿಗೆ ಅಂಟದೆ ಇರುತ್ತದಲ್ಲ ಹಾಗೆ. ಇದನ್ನು ನನಗೆ ಒಪ್ಪಿಸಿದ ಐದೇ ನಿಮಿಷಕ್ಕೆ, ಚಾರ್ಜರ್ ಸಿಗಲಿಲ್ಲವೆಂದು ಮನೆಯೆಲ್ಲ ಕೂಗಾಡಿದರು.

ಕೊಬ್ಬರಿಯ ಮಾತೇನೋ ನಿಜ. ನಮ್ಮ ಕಡೆ ಬಲಿತ ತೆಂಗಿನಕಾಯನ್ನು ಸುಲಿಯದೆ ಮಟ್ಟೆ ಸಮೇತ ಅಟ್ಟಕ್ಕೆ ಹಾಕಿದರೆ ವರ್ಷದ ತನಕ ಮುಟ್ಟಬಾರದು. ಒಳಗಿನ ನೀರು ಇಂಗಿ, ತಿರುಳು ತಾನಾಗಿಯೇ ಚಿಪ್ಪು ಬಿಡಬೇಕು. ಅಲ್ಲಾಡಿಸಿದಾಗ ಲೊಡಲೊಡ ಅಂದರೆ ಕೊಬ್ಬರಿಯಾಯಿತು ಅಂತ. ಮೊದಲೇ ಒಡೆದರೆ ಬೂಷ್ಟು ಹಿಡಿದು ಹಾಳು. ಮದುವೆಯಾದ ಹೊಸದರಲ್ಲಿ ನಾನು ಆತುರಕ್ಕೆ ಒಂದು ಕಾಯಿ ಒಡೆದುಬಿಟ್ಟಿದ್ದೆ. ಅತ್ತೆ ಒಂದು ವಾರ ನನ್ನ ಹತ್ತಿರ ಮಾತು ಬಿಟ್ಟಿದ್ದರು. ಅವರಿಗೆ ಸಿಟ್ಟು ಬಂದಿದ್ದನ್ನು ನಾನು ಕಂಡಿದ್ದು ಅದೊಂದೇ ಸಲ.

ಆ ಎಂಟು ದಿನವೂ ಅತ್ತೆ ಮಧ್ಯಾಹ್ನ ಊಟ ಮುಗಿಸಿ ಹಿತ್ತಲಿಗೆ ಹೊರಡುತ್ತಿದ್ದರು. ಅಲ್ಲಿನ ಕೊಟ್ಟಿಗೆಯ ಮೇಲೆ ನಮ್ಮ ಕಾಯಿ ಅಟ್ಟ. “ಕಾಯಿ ನೋಡ್ಕೊಂಡ್ ಬತ್ತೀನಿ,” ಎಂದು ಮಂಡಿನೋವಿನ ಮುದುಕಿ ಏಣಿ ಹತ್ತುವುದು, ನಾನು ಕುತ್ತಿಗೆ ಸವರಿಕೊಂಡು ಪಡಸಾಲೆಯಲ್ಲಿ ಕೂರುವುದು. ಸೊಸೆಗಿಂತ ಕಾಯಿ ಹೆಚ್ಚಾಯಿತಲ್ಲ ಎಂದು ನನ್ನ ಹೊಟ್ಟೆ ಉರಿಯುತ್ತಿತ್ತು. ನಾಲ್ಕನೆಯ ದಿನ ತಡೆಯಲಾರದೆ ಹಿಂದೆಯೇ ಹೋಗಿ ಕೇಳಿಬಿಟ್ಟೆ.

“ನಾನು ಸತ್ರೂ ಆಗ್ಲಿ ಬಿಡು ಅಂತೀರೇನು?”

ಅವರು ಅರ್ಧ ಏಣಿಯಲ್ಲಿದ್ದರು. “ಏಣಿ ಅಲ್ಲಾಡ್ತೈತೆ, ಹಿಡ್ಕೊ,” ಎಂದರು.

ಹಿಡಿದುಕೊಂಡೆ, ಇನ್ನೇನು ಮಾಡಲಿ. ಅವರು ಹತ್ತಿದ ಮೇಲೆ ಮನೆಯೊಳಗೆ ಬಂದು, ಗೋಡೆ ಕಡೆ ತಿರುಗಿ ಮಲಗಿ ಅತ್ತುಬಿಟ್ಟೆ.

ಎಂಟನೆಯ ದಿನ ರಿಪೋರ್ಟ್ ಬಂತು. ಬರೀ ಗಂಟು, ಭಯವಿಲ್ಲ. ಯಜಮಾನರು ಪ್ರವಚನವೆಲ್ಲ ಮರೆತು ಡಾಕ್ಟರ ಮುಂದೆಯೇ ಗಳಗಳ ಅತ್ತರು. ಮನೆಗೆ ಬಂದು ಹೇಳಿದರೆ ಅತ್ತೆ “ಹೇಳ್ಲಿಲ್ವಾ,” ಎಂದು ಮುದ್ದೆ ಕಟ್ಟಲು ಎದ್ದು ಹೋದರು.

ತಿಂಗಳು ಕಳೆದ ಮೇಲೆ ಯಜಮಾನರು ಅಟ್ಟ ಹತ್ತಿದರು. ಮೂಲೆಯಲ್ಲಿ ಗೋಣಿಚೀಲ ಮುಚ್ಚಿಟ್ಟ ಹದಿನೇಳು ಕಾಯಿ, ಎಲ್ಲವೂ ಸುಲಿದು ಒಡೆದು ಬೂಷ್ಟು ಹಿಡಿದವು. ಪಕ್ಕದಲ್ಲೇ ಮಚ್ಚು.

“ಇಲಿ ಕಾಟ ಕಣೇ,” ಎಂದು ಮೇಲಿಂದ ಕೂಗಿದರು.

ಮಚ್ಚು ಹಿಡಿಯುವ ಇಲಿ ಅರಸೀಕೆರೆ ತಾಲ್ಲೂಕಿನಲ್ಲಿ ಅದೇ ಮೊದಲು. ನಾನು ಸೀದಾ ಬಚ್ಚಲಿಗೆ ಹೋದೆ. ಅತ್ತೆ ನೀರೊಲೆಯ ಮುಂದೆ ಕೂತಿದ್ದರು.

“ಏನ್ ಅತ್ತೆ ಇದು?”

ಅವರು ಒಲೆಗೆ ಇನ್ನೊಂದು ಮಟ್ಟೆ ತುರುಕಿದರು. “ಒಂದ್ ಕಾಯಿ ಚಿಪ್ಪು ಬಿಟ್ಟು ಬಂದ್ರೆ ನಿಂಗೇನೂ ಆಗಲ್ಲ ಅಂತ ಅಂದ್ಕೊಂಡು ಒಡ್ದೆ. ಬರ್ಲಿಲ್ಲ. ಇನ್ನೊಂದು ಒಡ್ದೆ. ಅದೂ ಬರ್ಲಿಲ್ಲ.”

“ಆರು ತಿಂಗ್ಳ ಕಾಯಿ ಹೆಂಗ್ ಬತ್ತೈತೆ? ನಿಮಗ್ ಗೊತ್ತಿಲ್ವಾ?”

“ಗೊತ್ತಿತ್ತು.”

ಐವತ್ತು ವರ್ಷ ಕೊಬ್ಬರಿ ಮಾಡಿದ ಹೆಂಗಸು. ಸೊಸೆ ಉಳಿಯುವುದಿಲ್ಲ ಎಂದು ಆ ಕಾಯಿಗಳಿಂದ ಹದಿನೇಳು ಸಲ ಹೇಳಿಸಿಕೊಂಡು, ಪ್ರತಿ ದಿನವೂ ಕೆಳಗಿಳಿದು ಬಂದು ಉಪ್ಪು, ಮೆಣಸಿನಕಾಯಿ ಎಂದು ಮಾತಾಡಿದ್ದರು. ಬೈಯಬೇಕೆಂದೇ ಹೋದವಳು ಅವರ ಪಕ್ಕದಲ್ಲಿ ಕೂತು ಒಲೆಗೆ ಒಂದು ಮಟ್ಟೆ ಹಾಕಿದೆ.

“ಅವ್ನ್ ಮುಂದೆ ಬಾಯ್ ಬಿಡ್ಬೇಡ. ಇಲಿ ಅಂತ್ಲೇ ಇರ್ಲಿ,” ಎಂದರು ಅತ್ತೆ.

ಯಜಮಾನರು ಸಂತೆಯಿಂದ ಬೋನು ತಂದು ಅಟ್ಟದ ಮೇಲಿಟ್ಟರು. ಇವತ್ತಿನವರೆಗೆ ಒಂದು ಇಲಿಯೂ ಬಿದ್ದಿಲ್ಲ. ಆದರೂ ಅತ್ತೆ ವಾರಕ್ಕೊಮ್ಮೆ ಗಂಭೀರವಾಗಿ ಹೋಗಿ ಅದಕ್ಕೊಂದು ಚೂರು ಕೊಬ್ಬರಿ ಸಿಕ್ಕಿಸಿ ಬರುತ್ತಾರೆ. ಏಣಿ ಹಿಡಿದುಕೊಳ್ಳುವವಳು ನಾನು.