ಅಲುಗಿಸಬಾರದ ಇಪ್ಪತ್ತು ನಿಮಿಷ

ನರ್ಸಬಾಯಿ ಚಹಾದ ಗ್ಲಾಸು ಎತ್ತಿದರೆ ಮೊದಲು ಅದನ್ನು ಮೆಲ್ಲಗೆ ಓರೆ ಮಾಡಿ ನೋಡುತ್ತಿದ್ದರು. ಚಹಾ ಅಂಚಿಗೆ ಹರಿದು ಬರುವಾಗ ಅವರ ಕಣ್ಣು ಒಂದು ಗಳಿಗೆ ಅಲ್ಲೇ ನಿಂತುಬಿಡುತ್ತಿತ್ತು. ಆಮೇಲೆ ಕುಡಿಯುತ್ತಿದ್ದರು. ನೀರಿಗೂ ಹಾಗೇ, ಮಜ್ಜಿಗೆಗೂ ಹಾಗೇ. ಪಕ್ಕದ ಮನೆಯವರಾದ್ದರಿಂದ ನಾನು ದಿನಾ ನೋಡುತ್ತಿದ್ದೆ. ಉಳಿದವರು ನಗುತ್ತಿದ್ದರು, ನನಗೆ ನಗು ಬರುತ್ತಿರಲಿಲ್ಲ.

ಆ ಅಭ್ಯಾಸ ಎಲ್ಲಿಯದೆಂದು ನಾನು ಕಣ್ಣಾರೆ ಕಂಡವಳು. ಕುಮಟಾ ಬದಿಯ ನಮ್ಮ ಗದ್ದೆಯಲ್ಲಿ ಈರುಳ್ಳಿ ಕೀಳುವಾಗ ಅಮ್ಮನಿಗೆ ಹಾವು ಕಚ್ಚಿತು. ಕೊಳಕುಮಂಡಲ ಎಂದರು ಕಂಡವರು. ನರ್ಸಬಾಯಿ ಕೆಲಸ ಮಾಡುತ್ತಿದ್ದ ಆಸ್ಪತ್ರೆಗೇ ಒಯ್ದೆವು. ಅವರು ಅಮ್ಮನ ರಕ್ತವನ್ನು ಗಾಜಿನ ಟ್ಯೂಬಿಗೆ ಹಾಕಿ ಮೇಜಿನ ಮೇಲೆ ನಿಲ್ಲಿಸಿ, ಎದುರಿಗೆ ಕುರ್ಚಿ ಎಳೆದು ಕೂತರು. ಇಪ್ಪತ್ತು ನಿಮಿಷ ಅಲುಗಿಸಬಾರದು. ಹೆಪ್ಪುಗಟ್ಟಿದರೆ ಸರಿ, ನೀರಾಗಿಯೇ ಉಳಿದರೆ ವಿಷ ಏರಿದೆ ಎಂದರ್ಥ. ಅವರ ತುಟಿ ಮಾತ್ರ ಅಲುಗುತ್ತಿತ್ತು.

"ನಿಲ್ಲು ಮಗಾ, ನಿಲ್ಲು."

ಅಮ್ಮನಿಗೆ ಹೇಳಿದ್ದಲ್ಲ, ಟ್ಯೂಬಿಗೆ.

ಓರೆ ಮಾಡಿದರು. ರಕ್ತ ಗಟ್ಟಿಯಾಗಿ ತಳ ಹಿಡಿದಿತ್ತು.

ನನಗೆ ತಾಳ್ಮೆ ಮೊದಲೇ ಇಲ್ಲ. "ಆತಲ್ಲ, ಮನೆಗೆ ಹೋಗ್ತೇವೆ," ಎಂದು ಅಮ್ಮನನ್ನು ಎಬ್ಬಿಸಲು ಹೋದೆ.

"ಒಂದ್ ಸಲ ನಿಂತ್ರೆ ಆತಾ? ಸುಮ್ನೆ ಕೂಕೊ ತಂಗಿ," ಎಂದು ಬಾಗಿಲಿಗೆ ಅಡ್ಡ ನಿಂತರು.

ಗಂಟೆಗೊಂದು ಹೊಸ ಟ್ಯೂಬು. ಮೂರನೆಯದನ್ನು ಓರೆ ಮಾಡಿದಾಗ ರಕ್ತ ಅಂಚಿಗೆ ಹರಿದು ಬಂತು. ಅಷ್ಟರಲ್ಲಿ ಅಮ್ಮನ ಒಸಡಿನಲ್ಲೂ ರಕ್ತ ಜಿನುಗುತ್ತಿತ್ತು. ಮದ್ದು ಏರಿಸಿದರು, ಅಮ್ಮ ಬದುಕಿದಳು. ನನ್ನ ಮಾತು ನಡೆದಿದ್ದರೆ ನಾನೇ ಕೊಂದಂತಾಗುತ್ತಿತ್ತು.

ಊರಿನವರಿಗೆ ಅವರೆಂದರೆ ಒಂಥರಾ ಹೆದರಿಕೆ. ಅವರು ದಿಟ್ಟಿಸಿದರೆ ರಕ್ತ ನಿಲ್ಲುತ್ತದಂತೆ. ಮೀನು ಹೆಚ್ಚುವಾಗ ಬೆರಳು ಕೊಯ್ದುಕೊಂಡ ಹೆಂಗಸರು ಅವರ ಜಗಲಿಗೇ ಓಡಿ ಬರುತ್ತಿದ್ದರು. ಆದರೆ ಸ್ವಂತ ಅಡುಗೆಮನೆಯಲ್ಲಿ ಅವರು ಹಾಲಿಗೆ ಹೆಪ್ಪು ಹಾಕಿದವರಲ್ಲ. "ಮನೆಗೆ ಬಂದೂ ಕಾಯೂದು ಎಂತಕ್ಕೆ?" ಎನ್ನುತ್ತಿದ್ದರು. ಅವರ ಪಾಲಿನ ಮೊಸರನ್ನು ಅಮ್ಮ ಪುಟ್ಟ ಸ್ಟೀಲ್ ಡಬ್ಬಿಯಲ್ಲಿ ಬೇರೆಯೇ ಮಾಡಿ ಕೊಡುತ್ತಿದ್ದಳು, ಒಂದು ದಿನವೂ ತಪ್ಪಿಸದೆ.

ಹೋದ ವರ್ಷ ಒಂದು ಸಂಜೆ ನರ್ಸಬಾಯಿ ಅಂಗಳದಲ್ಲಿ ಕುಸಿದರು. ಮಗಳು ದೊಡ್ಡಾಸ್ಪತ್ರೆಗೆ ಒಯ್ದಳು, ಮೆದುಳಿನಲ್ಲಿ ರಕ್ತ ಹೆಪ್ಪುಗಟ್ಟಿದೆ ಎಂದರು ಅಲ್ಲಿ. ಅಮ್ಮ ಅವತ್ತೂ ಅವರ ಡಬ್ಬಿಗೆ ಹೆಪ್ಪು ಹಾಕಿಯೇ ಮಲಗಿದಳು.

ಬೆಳಿಗ್ಗೆ ಮುಚ್ಚಳ ತೆಗೆದು, ಡಬ್ಬಿಯನ್ನು ಮೆಲ್ಲಗೆ ಓರೆ ಮಾಡಿದಳು. ಹಾಲು ಅಂಚಿಗೆ ಹರಿದು ಬಂತು. ಪಕ್ಕದ ನಮ್ಮ ಪಾತ್ರೆಯಲ್ಲಿ, ಅದೇ ಹಾಲು, ಅದೇ ಹೆಪ್ಪು, ಮೊಸರು ಗಟ್ಟಿಯಾಗಿ ಕೂತಿತ್ತು.

"ಚೆಲ್ಲಲಾ?" ಎಂದೆ.

"ಮುಟ್ಟಬೇಡ. ಇಪ್ಪತ್ತು ನಿಮಿಷ ನೋಡುವ."

ಡಬ್ಬಿಯನ್ನು ಮೇಜಿನ ಮೇಲಿಟ್ಟು ಎದುರಿಗೆ ಕೂತಳು. ತಾಳ್ಮೆಯಿಲ್ಲದ ನಾನೂ ಕೂತೆ. ನಿಲ್ಲು, ನಿಲ್ಲು ಎಂದು ನನ್ನ ತುಟಿಯೂ ಅಲುಗುತ್ತಿತ್ತು. ಯಾರಿಗೆ ಹೇಳುತ್ತಿದ್ದೆನೋ ಗೊತ್ತಿಲ್ಲ.

ಹದಿನೇಳನೆಯ ನಿಮಿಷಕ್ಕೆ ಅವರ ಮಗಳ ಫೋನ್ ಬಂತು.

"ಎತ್ತಬೇಡ," ಎಂದಳು ಅಮ್ಮ. "ಇನ್ನೂ ಮೂರು ನಿಮಿಷ ಉಂಟು."